ಹಿತ್ತಲ ಗಿಡಕ್ಕ ಏನಾಗೈತಿ? ಎಣ್ಣಿ ಹೊಡಿಯೂಕಿಂತ ಮೊದ್ಲ ಇಷ್ಟು ನೋಡ್ರಿ

ನಮ್ಮ ಹಿತ್ತಲದಾಗ ಒಂದು ಲಿಂಬಿ ಗಿಡ ಐತ್ರಿ, ಹುಬ್ಬಳ್ಳಿ ಉಣಕಲ್ ಕಡೆ ಮನಿ ಕಟ್ಟಿಸಿದ ವರ್ಷ ನಮ್ಮವ್ವ ಹಚ್ಚಿದ್ದು. ಮನಿಗೆ ಸಾಕಾಗಿ ಓಣಿ ಮಂದಿಗೆ ಹಂಚುವಷ್ಟು ಕಾಯಿ ಬಿಡ್ತಿತ್ತು. ಎರಡು ವರ್ಷದ ಹಿಂದ ಅದರ ಎಲಿ ಹಳದಿ ಆಗಾಕ ಹತ್ತಿದ್ವು. ನಾನು ಶಾಣ್ಯಾ, ಫೋನಿನ್ಯಾಗ ಒಂದು ಫೋಟೋ ಹೊಡಕೊಂಡು ಎಣ್ಣಿ, ಅಂದ್ರ ಗಿಡಕ್ಕ ಹೊಡಿಯೂ ಔಷಧ, ಮಾರೂ ಅಂಗಡಿಗೆ ಹೋದೆ, ಅವ್ರು ಫೋಟೋ ಸರಿಯಾಗಿ ನೋಡಿದ್ರೋ ಇಲ್ಲೋ, ಮೂರು ಬಾಟ್ಲಿ ಕೈಯಾಗ ಇಟ್ರು, ಹುಳಕ್ಕ ಒಂದು, ರೋಗಕ್ಕ ಒಂದು, ಮತ್ತ ಒಂದು ಟಾನಿಕ್ ಅಂತ. ಮೂರು ರವಿವಾರ ಬಿಡದ ಹೊಡದೆ. ಹಳದಿ ಇನ್ನೂ ಹೆಚ್ಚಾತು. ಆಮ್ಯಾಲ ಊರಿಂದ ನಮ್ಮ ಸ್ವಾದರ ಮಾವ ಬಂದಾಂವ ಗಿಡದ ಸುತ್ತ ಒಂದು ಸುತ್ತು ಹೊಡದು, ಎಲಿ ಮುಟ್ಟಲಿಲ್ಲ ಏನಿಲ್ಲ, ಒಂದ ಮಾತು ಕೇಳಿದ: "ಅಲ್ಲೋ ತಮ್ಮಾ, ಅರಬಿ ಒಗದ ನೀರು ಎಲ್ಲಿಗೆ ಹೋಗ್ತೈತೋ?"

ವಾಷಿಂಗ್ ಮಷೀನಿನ ಪೈಪು ಸೀದಾ ಲಿಂಬಿ ಗಿಡದ ಬುಡಕ್ಕ ಹೋಗ್ತಿತ್ರಿ. ನಾವ ಬಿಟ್ಟಿದ್ದು. ಹತ್ತು ದಿನಕ್ಕೊಮ್ಮೆ ನಳ ಬರೂ ಊರಾಗ ನೀರು ದಂಡ ಮಾಡಬಾರದು ಅಂತ.

ಅವತ್ತಿಂದ ನಾನು ಗಿಡ ನೋಡೂ ರೀತಿನ ಬದಲಾತು. ಓಣ್ಯಾಗ ಯಾರದರ ಗಿಡಕ್ಕ ಏನರ ಆದ್ರ ಈಗ ನನ್ನ ಕರೀತಾರ, ಹಂಗಂತ ನಾನೇನು ಡಾಕ್ಟ್ರಲ್ಲ, ಆದ್ರ ನೋಡಿ ನೋಡಿ ಒಂದು ಲೆಕ್ಕ ಸಿಕ್ಕೈತಿ, ಅದನ್ನ ಬರದಿಡ್ತೀನಿ. ನನ್ನ ಅಂದಾಜಿನ ಪ್ರಕಾರ ನಮ್ಮ ಕಡೆ ಹಿತ್ತಲ ಗಿಡಕ್ಕ ಬರೂ ಅರ್ಧಕ್ಕರ್ಧ "ರೋಗ" ರೋಗನ ಅಲ್ಲ, ನೀರು, ಮಣ್ಣು, ಸಿಮೆಂಟು, ಇಲ್ಲಾ ನಮ್ಮ ಅತಿ ಪ್ರೀತಿ.

ಮೊದ್ಲ ಗಿಡದ ಹಂತ್ಯಾಕ ಹೋಗಿ ನೋಡೂದು

ಕೆಟ್ಟದ್ದು ಹೊಸಾ ಎಲಿನೋ ಹಳೇ ಎಲಿನೋ ನೋಡ್ರಿ. ಒಂದ ಟೊಂಗಿನೋ ಇಡೀ ಗಿಡನೋ. ಬಾಜೂಕಿನ ಬ್ಯಾರೆ ಜಾತಿ ಗಿಡಕ್ಕೂ ಹಂಗ ಆಗೈತೇನು, ಇದು ಭಾಳ ಮುಖ್ಯ, ಯಾಕಂದ್ರ ರೋಗ ಸಾಮಾನ್ಯವಾಗಿ ಜಾತಿ ನೋಡಿ ಬರ್ತೈತಿ, ಮಾವಿಗೆ ಬಂದ ಬೂದಿ ರೋಗ ಟೆಂಗಿಗೆ ಬರೂದಿಲ್ಲ. ಮಾವು, ಲಿಂಬಿ, ದಾಸವಾಳ ಮೂರೂ ಒಮ್ಮೆ ಬಾಡಿದ್ವು ಅಂದ್ರ ನೆಲದಾಗ ಏನೋ ಆಗೈತಿ. ಎರಡು ಮೂರು ವರ್ಷದಾಗ ಅಲ್ಲೆ ಏನು ಕೆಲಸ ಮಾಡಿಸೀರಿ ನೆನಪು ಮಾಡ್ಕೋರಿ, ಕಂಪೌಂಡ್ ಕಟ್ಟಿಸಿದ್ದು, ಪೇವರ್ಸ್ ಹಾಕಿಸಿದ್ದು, ಬುಡಕ್ಕ ಒಂದು ಫೂಟು ಮಣ್ಣು ಏರಿಸಿದ್ದು. ಬೇರಿಗೆ ಗಾಳಿ ಸಿಗಲಿಲ್ಲಂದ್ರ ಗಿಡ ಅವತ್ತ ಸಾಯೂದಿಲ್ಲ, ಎರಡು ಮೂರು ವರ್ಷ ತಡಕೊಂಡು ಆಮ್ಯಾಲ ಒಣಗಾಕ ಹತ್ತತೈತಿ, ಅಷ್ಟೊತ್ತಿಗೆ ನಮಗ ಪೇವರ್ಸ್ ಹಾಕಿಸಿದ್ದು ಮರತ ಹೋಗಿರ್ತೈತಿ.

ಇನ್ನೊಂದು, ಯಾವುದು ರೋಗ ಅಲ್ಲ ಅನ್ನೂದೂ ಗೊತ್ತಿರಬೇಕು. ಮಾವಿನ ಹೊಸಾ ಚಿಗುರು ತಾಂಬ್ರದ ಬಣ್ಣದಾಗ ಜೋತು ಬಿದ್ದಿರ್ತೈತಿ, ಅದು ಹಂಗ ಇರೂದು. ಬೇವು ಶಿವರಾತ್ರಿ ಆಸುಪಾಸು ಎಲಿ ಉದುರಿಸಿ ಯುಗಾದಿಗೆ ಹೊಸದು ಉಟ್ಕೋತೈತಿ. ಸೀತಾಫಲ ಬ್ಯಾಸಿಗ್ಯಾಗ ಬರೇ ಕಡ್ಡಿ ಆಗಿ ನಿಲ್ತೈತಿ, ಅದನ್ನ ನೋಡಿ ಸತ್ತೈತಿ ಅಂತ ಕಡದ ಮಂದಿನೂ ಅದಾರ. ಧಾರವಾಡದ ಕಡೆ ಮಳಿ ಜಾಸ್ತಿ ಇರೂದ್ರಿಂದ ಮಾವಿನ ತೊಗಟಿ ಮ್ಯಾಲ ಬೂದು, ತಿಳಿ ಹಸರು ಬಣ್ಣದ ಹಕ್ಕಳಿ ಹಕ್ಕಳಿ ಬೆಳದಿರ್ತಾವ, ಅದು ಕಲ್ಲುಹೂವಿನ ಜಾತಿ, ತೊಗಟಿ ಮ್ಯಾಲ ಕುಂತಿರ್ತೈತಿ ಅಷ್ಟ, ಗಿಡದ ರಸ ಕುಡಿಯೂದಿಲ್ಲ. ಕೆರದು ತೊಗಟಿ ಗಾಯ ಮಾಡಬ್ಯಾಡ್ರಿ.

ಒಣಗಿದ ಟೊಂಗಿ ಜೀವಂತ ಐತೋ ಇಲ್ಲೋ ಅಂತ ಅನುಮಾನ ಬಂದ್ರ ಉಗುರಿಲೆ ತೊಗಟಿ ಚೂರು ಕೆರೀರಿ. ಒಳಗ ಹಸರು, ಹಸಿ ಕಂಡ್ರ ಜೀವ ಐತಿ. ಕಂದು ಬಣ್ಣ ಇದ್ದು ಪುಡಿ ಪುಡಿ ಆದ್ರ ಇಲ್ಲ. ತುದಿಯಿಂದ ಶುರು ಮಾಡಿ ಒಂದೊಂದು ಗೇಣು ಕೆಳಗ ಕೆರಕೋತ ಬರ್ರಿ, ಎಲ್ಲೆ ಹಸರು ಸಿಗ್ತೈತೋ ಅಲ್ಲಿಂದ ನಾಲ್ಕು ಬೆರಳು ಕೆಳಗ ಕೊಯ್ಯಬೇಕು.

ಎಲಿ ಹಳದಿ ಆದ್ರ

ಇದರ ಬಗ್ಗೆ ಉದ್ದ ಬರೀತೀನಿ, ಯಾಕಂದ್ರ ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರಿ ಮಣ್ಣಿನ್ಯಾಗ ಮಂದಿ ಎಲ್ಲಾರಕಿಂತ ಹೆಚ್ಚು ಕೇಳೂದು ಇದನ್ನ.

ನಮ್ಮ ಲಿಂಬಿ ಎಲಿ ಒಂದು ಕಿತ್ತು ಬಿಸಲಿಗೆ ಹಿಡದು ನೋಡಿದಾಗ, ಎಲಿ ಪೂರ್ತಿ ಹಳದಿ, ಆದ್ರ ನರ ಮಾತ್ರ ಹಸರಿದ್ವು, ಹಳದಿ ಅರಬಿ ಮ್ಯಾಲ ಹಸರು ದಾರದಾಗ ಜಾಳಿಗಿ ಹೆಣದಂಗ. ಅದೂ ತುದಿಯ ಹೊಸಾ ಎಲಿಯೊಳಗ ಮಾತ್ರ, ಕೆಳಗಿನ ಹಳೇ ಎಲಿ ಕರ‍್ರಗ ಹಸರ ಇದ್ವು. ಇದು ಕಬ್ಬಿಣದ ಕೊರತಿ. ಮಣ್ಣಿನ್ಯಾಗ ಕಬ್ಬಿಣ ಇಲ್ಲಂತಲ್ಲ, ಇರ್ತೈತಿ, ಆದ್ರ ಎರಿ ಮಣ್ಣಿನ್ಯಾಗ ಸುಣ್ಣದ ಹರಳು ಜಾಸ್ತಿ, ಮಣ್ಣು ಕ್ಷಾರ ಆಗಿರ್ತೈತಿ, ಹಂಗಾಗಿ ಇದ್ದ ಕಬ್ಬಿಣ ಕರಗಿ ಬೇರಿಗೆ ಸಿಗೂದಿಲ್ಲ. ಅದರ ಮ್ಯಾಲ ಮನಿ ಕಟ್ಟಿದಾಗಿನ ಸಿಮೆಂಟು ಸುಣ್ಣದ ರಾಡಿ, ಇಟ್ಟಂಗಿ ಚೂರು ಎಲ್ಲಾ ಹಿತ್ತಲದಾಗ ಹುಗದಿರ್ತಾರ (ನಮ್ಮಲ್ಲೆ ಅಗದಾಗ ಅರ್ಧ ಚೀಲ ಗಟ್ಟಿ ಆದ ಸಿಮೆಂಟ ಸಿಕ್ತು, ಚೀಲದ ಸಮೇತ). ಅದರ ಮ್ಯಾಲ ಸೋಪಿನ ನೀರು. ಸೋಪಿನ ಪುಡಿ ಅಂದ್ರನ ಸೋಡಾ, ಅದೂ ಕ್ಷಾರ, ಸಾಲದ್ದಕ್ಕ ಎರಿ ಮಣ್ಣನ್ನ ಇನ್ನೂ ಗಟ್ಟಿ ಮಾಡ್ತೈತಿ, ನೀರು ಇಳಿಯೂದಿಲ್ಲ. ನಾನು ಹೊಡದ ಮೂರು ಬಾಟ್ಲಿ ಯಾವ ಕಾಲಕ್ಕೂ ಇದಕ್ಕ ಔಷಧ ಅಲ್ಲ.

ಮಾಡಿದ್ದು ಇಷ್ಟ. ಪೈಪು ತಿರುಗಿಸಿದ್ವಿ. ಬುಡದಿಂದ ಎರಡು ಫೂಟು ದೂರ ಗುಂಡ ಅಗದು ರಾಡಿ ತಗದು ನಾಲ್ಕು ಬುಟ್ಟಿ ಹಳೇ ತಿಪ್ಪಿ ಗೊಬ್ಬರ ಹಾಕಿದ್ವಿ. ಎಲಿಗೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ (ಅದ, ಅಡಿಗಿ ಮನ್ಯಾಗಿನ ನಿಂಬಿ ಉಪ್ಪು) ಕಲಸಿ ಸಂಜೀಮುಂದ ಹೊಡದ್ವಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಹಳದಿ ಆದ ಹಳೇ ಎಲಿ ಪೂರ್ತಿ ಹಸರಾಗಲಿಲ್ಲ, ಆದ್ರ ಹೊಸಾ ಚಿಗುರು ಹಸರು ಬಂತು. ಗಿಡ ಗುಣಾ ಆಗಾಕ ಹತ್ತೈತೋ ಇಲ್ಲೋ ಅಂತ ಯಾವಾಗಲೂ ಹೊಸಾ ಚಿಗುರಿನ ಮ್ಯಾಲ ಅಳೀರಿ.

ಆದ್ರ ಹಳದಿಯೊಳಗೂ ಬ್ಯಾರೆ ಬ್ಯಾರೆ ಹಳದಿ ಅದಾವ. ಹೊಸಾ ಎಲಿ ಸಣ್ಣ ಆಗಿ, ಕಿರಿದಾಗಿ, ನರದ ನಡುವ ಹಳದಿ ಆಗಿದ್ರ ಜಿಂಕ್ ಕೊರತಿ, ಅದಕ್ಕ ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್ ಮತ್ತ 2.5 ಗ್ರಾಂ ಸುಣ್ಣ. ಕೆಳಗಿನ ಹಳೇ ಎಲಿ ಒಂದ ಸಮ ಹಳದಿ ಆಗಿ ಗಿಡ ಸಪ್ಪಗ ಕಂಡ್ರ ಸಾರಜನಕ ಸಾಲದು, ಗೊಬ್ಬರ ಹಾಕ್ರಿ. ಹಳೇ ಎಲಿಯ ಅಂಚು, ತುದಿ ಸುಟ್ಟಂಗ ಕಂದಾದ್ರ ಬೋರಿನ ಸವಳ ನೀರು ಇಲ್ಲಾ ಆರ್‌ಓ ಮಷೀನು ಹೊರಗ ಬಿಡೂ ನೀರು ಕಾರಣ ಇರಬಹುದು. ನರ ಸಮೇತ ಹಳದಿ ಆಗಿ ಎಲಿ ಉದುರಾಕ ಹತ್ತಿ, ಬುಡದ ಮಣ್ಣು ಹಿಡದ್ರ ಉಂಡಿ ಕಟ್ಟುವಷ್ಟು ಹಸಿ ಇದ್ರ, ನೀರು ಜಾಸ್ತಿ ಆಗೈತಿ, ಬೇರು ಕೊಳ್ಯಾಕ ಹತ್ತೈತಿ. ಇಲ್ಲೆ ಮಂದಿ ತಪ್ಪು ಮಾಡ್ತಾರ, ಬಾಡೈತಿ ಅಂತ ಇನ್ನೆರಡು ಕೊಡ ಸುರೀತಾರ.

ಎಲಿಯ ಒಂದು ಬದಿ ಹಳದಿ ಇನ್ನೊಂದು ಬದಿ ಹಸರು, ಎಡ ಬಲ ಹೊಂದಾಣಿಕಿ ಇಲ್ಲದ ಕಲಿ ಕಲಿ, ಅದೂ ಮೊದ್ಲ ಒಂದು ಟೊಂಗಿಗೆ ಬಂದು, ಕಾಯಿ ಸೊಟ್ಟ ಆಗಿ ಸಣ್ಣದ ಉಳದ್ರ, ಅದು ಗ್ರೀನಿಂಗ್ ಅಂತ ದುಂಡಾಣು ರೋಗ ಇರಬಹುದು, ಸಿಲ್ಲಾ ಅನ್ನೂ ಸಣ್ಣ ಹುಳ ಹಬ್ಬಸತೈತಿ. ಇದಕ್ಕ ಮನ್ಯಾಗ ಮಾಡೂ ಮದ್ದಿಲ್ಲ, ತಿಳದವರಿಗೆ ತೋರಿಸಿ ಖಾತ್ರಿ ಆದ್ರ ಗಿಡ ತಗಿಯೂದ ಉಳೀತೈತಿ.

ಲಿಂಬಿಯ ಕಜ್ಜಿ, ರಂಗೋಲಿ

ಎಲಿ ಮ್ಯಾಲ, ಕಾಯಿ ಮ್ಯಾಲ ಕಂದು ಬಣ್ಣದ ಉಬ್ಬಿದ ಚುಕ್ಕಿ, ಕೈಯಾಡಿಸಿದ್ರ ಉಸುಕಿನ ಕಾಗದದಂಗ ಖರ ಖರ, ಸುತ್ತ ಹಳದಿ ಉಂಗುರ, ಇದ ಕಜ್ಜಿ ರೋಗ. ಮಳಿಗಾಲದಾಗ ಹೆಚ್ಚು, ಹನಿ ಸಿಡದು ಹಬ್ಬತೈತಿ. ಎಲಿ ಮ್ಯಾಲ ಬೆಳ್ಳಿ ಬಣ್ಣದ ಸುತ್ತು ಸುತ್ತು ಗೆರಿ ಕಂಡ್ರ ಅದು ಬ್ಯಾರೆ, ಎಲಿಯ ಪದರಿನ ಒಳಗ ಸುರಂಗ ಕೊರಿಯೂ ಹುಳ, ಆದ್ರ ಆ ಗಾಯದಿಂದನ ಕಜ್ಜಿ ಒಳಗ ಹೊಕ್ಕತೈತಿ, ಹಂಗಾಗಿ ಎರಡೂ ಜೋಡಿ ಕಾಣ್ತಾವ. ಒಣಾ ದಿನ ನೋಡಿ ಕಜ್ಜಿ ಟೊಂಗಿ ಕೊಯ್ದು ಸುಟ್ಟು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹೊಡೀರಿ. ಎಲಿ ಮ್ಯಾಲ ಹಕ್ಕಿ ಹೇತಂಗ ಕರಿ-ಬಿಳಿ ಹುಳ ಕುಂತಿದ್ರ ಅದು ಚಿಟ್ಟಿ ಮರಿ, ಕೈಯಿಂದ ತಗದು ಒಗೀರಿ ಸಾಕು, ಕರಿಬೇವಿಗೂ ಅದ ಬರ್ತೈತಿ. ಕರಿಬೇವಿಗೆ ಮಾತ್ರ ದಯಮಾಡಿ ಅಂಗಡಿ ಎಣ್ಣಿ ಹೊಡೀಬ್ಯಾಡ್ರಿ, ಎಲಿ ಕಿತ್ತು ಸೀದಾ ಒಗ್ಗರಣಿಗೆ ಹಾಕ್ತೀವಿ, ನೀರು ಜೋರಾಗಿ ಹೊಡೀರಿ ಇಲ್ಲಾ ಬೇವಿನ ಎಣ್ಣಿ ಲೀಟರಿಗೆ 5 ಮಿಲಿ ತುಸು ಸೋಪು ಕೂಡಿಸಿ ಹೊಡೀರಿ.

ಮಾವು: ಬೂದಿ, ಕಾಡಿಗಿ, ಮತ್ತ ಜಿಗಿ ಜಿಗಿ ಸ್ಕೂಟಿ

ಧಾರವಾಡ ಆಪೂಸಿನ ಊರು, ಕೆಲಗೇರಿ ಕಡೆ ಹೋದ್ರ ತೋಟನ ತೋಟ, ಹಂಗಾಗಿ ಮನಿಗೊಂದು ಮಾವಿನ ಗಿಡ ಇರೂದು ದೊಡ್ಡ ಮಾತಲ್ಲ. ಎಳ್ಳಮಾಸಿಯಿಂದ ಶಿವರಾತ್ರಿತನಕ ಹೂ ಬಿಡೂ ಹೊತ್ತಿಗೆ ರಾತ್ರಿ ಥಂಡಿ, ಮುಂಜಾನಿ ಮಂಜು, ಮೋಡ, ಇಷ್ಟು ಕೂಡಿದ್ರ ಬೂದಿ ರೋಗ ಬಂತಂತ ತಿಳೀರಿ. ಹೂವಿನ ಗೊಂಚಲ ಮ್ಯಾಲ ವಿಭೂತಿ ಉದುರಿಸಿದಂಗ ಕಾಣ್ತೈತಿ, ಹೂ ಕಂದಾಗಿ ಉದುರತಾವ. ನೀರಿನ್ಯಾಗ ಕರಗೂ ಗಂಧಕ 80 ಪರ್ಸೆಂಟಿನದು ಲೀಟರಿಗೆ 3 ಗ್ರಾಂ, ಬಿಸಲು ಇಳದ ಮ್ಯಾಲ. ಉರಿ ಬಿಸಲಾಗ ಗಂಧಕ ಹೊಡದ್ರ ಎಲಿನ ಸುಡತಾವ. ಹೂ ಪೂರ್ತಿ ಅರಳಿ ನೊಣ ಜೇನು ಓಡಾಡೂ ಹೊತ್ತಿನ್ಯಾಗ ಏನೂ ಹೊಡಿಯಾಕ ಹೋಗಬ್ಯಾಡ್ರಿ, ಅವು ಬರಲಿಲ್ಲಂದ್ರ ಕಾಯಿ ಎಲ್ಲಿಂದ ಕಚ್ಚಬೇಕು?

ಕರಿ ಕಾಡಿಗಿ ಬಳದಂಗ ಎಲಿ ಆಗಿದ್ರ ಹಸಿ ಅರಬಿಲೆ ಒರಸಿ ನೋಡ್ರಿ. ಒರಸಿದ್ರ ಹೋಗಿ ಕೆಳಗ ಹಸರು ಎಲಿ ಕಂಡ್ರ, ಆ ಬೂಷ್ಟು ಎಲಿ ತಿನ್ನೂದಲ್ಲ, ಜಿಗಿ ಹುಳ ಹೇತ ಸಿಹಿ ಅಂಟಿನ ಮ್ಯಾಲ ಬೆಳದದ್ದು. ಗಿಡದ ಕೆಳಗ ನಿಲ್ಲಿಸಿದ ಸ್ಕೂಟಿ ಸೀಟು ಮುಟ್ಟಿದ್ರ ಅಂಟು ಅಂಟು ಆಗಿರ್ತೈತಿ, ಕಟ್ಟಿರಿವಿ ಸಾಲು ಗಿಡ ಏರತಿರ್ತಾವ, ಹೂಗೊಂಚಲ ಅಳಗಾಡಿಸಿದ್ರ ಚಟ ಚಟ ಅಂತ ಸಣ್ಣ ಹುಳ ಜಿಗೀತಾವ. ಅಂದ್ರ ಕಾಡಿಗಿಗಲ್ಲ, ಹುಳಕ್ಕ ಉಪಚಾರ ಮಾಡಬೇಕು. ಒಳಗಿನ ಟೊಂಗಿ ತಗದು ಬೆಳಕು ಗಾಳಿ ಆಡೂಹಂಗ ಮಾಡಿದ್ರ ಅರ್ಧ ಕಡಿಮಿ ಆಗ್ತಾವ, ಉಳದದ್ದಕ್ಕ ಬೇವಿನ ಎಣ್ಣಿ. ಎಲಿ ಮ್ಯಾಲಿನ ಕಾಡಿಗಿ ಬಿಡಿಸಾಕ ಒಂದು ಮಜಾ ಉಪಾಯ ಐತಿ, 100 ಗ್ರಾಂ ಮೈದಾ ಅರ್ಧ ಲೀಟರ್ ನೀರಾಗ ಗಂಜಿ ಕಾಸಿ ಆರಿಸಿ 10 ಲೀಟರ್ ಮಾಡಿ ಸೋಸಿ ಹೊಡೀರಿ, ಬಿಸಲಿಗೆ ಒಣಗಿ ಹಪ್ಪಳದಂಗ ಎದ್ದು ಉದುರತೈತಿ.

ಎಲಿ, ಹೂವಿನ ದೇಟು, ಕಾಯಿ ಮ್ಯಾಲ ತಗ್ಗು ಬಿದ್ದ ಕರಿ ಚುಕ್ಕಿ ಆಗಿ, ಒಂದಕ್ಕೊಂದು ಕೂಡಕೊಂಡ್ರ ಚಿಬ್ಬು ರೋಗ, ಮಳಿ ಮೋಡಕ್ಕ ಬರ್ತೈತಿ, ಅದ ಕಾಪರ್ ಆಕ್ಸಿಕ್ಲೋರೈಡ್ ಸಾಕು. ಆಪೂಸ್ ಹಣ್ಣು ಹೊರಗ ಚೊಲೋ ಇದ್ದು ಕೊಯ್ದಾಗ ಒಳಗ ಬೆಳ್ಳಗ ಸ್ಪಂಜಿನಂಗ ಇದ್ರ ಅದು ರೋಗಾಣು ಅಲ್ಲ, ಆಪೂಸಿನ ಜಾತಿ ದೋಷ, ಎಷ್ಟು ಎಣ್ಣಿ ಹೊಡದ್ರೂ ಹೋಗೂದಿಲ್ಲ.

ಗಿಡದ ನಡುವ ಒಂದು ಕಡೆ ಮಾತ್ರ ಬ್ಯಾರೆ ಥರದ ದಪ್ಪ ಎಲಿ, ಬ್ಯಾರೆ ಹೂ ಕಂಡ್ರ ಅದು ಬದನಿಕಿ. ಹಕ್ಕಿ ಹಣ್ಣು ತಿಂದು ಬೀಜ ಟೊಂಗಿಗೆ ಒರಸತೈತಿ, ಅಲ್ಲೆ ಬೇರು ಒಳಗ ಇಳಿಸಿ ಗಿಡದ ನೀರು ಕುಡೀತೈತಿ. ಬರೇ ಬದನಿಕಿ ಮುರದ್ರ ಮತ್ತ ಚಿಗಿತೈತಿ, ಅದು ಕುಂತ ಜಾಗಾಕಿಂತ ಒಂದು ಫೂಟು ಕೆಳಗ ಟೊಂಗಿನ ಕೊಯ್ಯಬೇಕು.

ಬುಡದಾಗ ಕಟಗಿ ಪುಡಿ ಬಿದ್ದಿದ್ರ ತಲಿ ಎತ್ತಿ ಕಾಂಡ ನೋಡ್ರಿ, ತೂತು ಇರ್ತೈತಿ. ಕಾಂಡ ಕೊರಿಯೂ ಹುಳ. ನಮ್ಮ ಬಾಜೂ ಮನಿ ಕಾಕಾರ ಗಿಡದಾಗ ಸೈಕಲ್ ಸ್ಪೋಕ್ ತುದಿ ಮಣಿಸಿ ಒಳಗ ತೂರಿಸಿ ತಿರುವಿ ತಗದಾಗ ಬೆರಳಿನಷ್ಟು ದಪ್ಪ ಬೆಳ್ಳನ ಹುಳ ಬಂತು, ಕಾಕಾ "ಏ ಹೊರಗ ಒಗಿ ಅದನ್ನ" ಅಂತ ನಾಲ್ಕು ಹೆಜ್ಜಿ ಹಿಂದ ಜಿಗದ್ರು. ಹುಳ ಸಿಗಲಿಲ್ಲಂದ್ರ ಸೀಮೆಎಣ್ಣಿಯೊಳಗ ಹತ್ತಿ ಅದ್ದಿ ತೂತಿಗೆ ತುರುಕಿ ಮ್ಯಾಲ ಹಸಿ ಮಣ್ಣು ಮೆತ್ತೂದು. ಪುಡಿ ಉದುರೂದು ನಿಂತ್ರ ಕೆಲಸ ಆತು.

ಟೆಂಗು: ಸುಳಿ ನೋಡ್ರಿ

ಟೆಂಗಿಗೆ ಇರೂದ ಒಂದ ಸುಳಿ, ಅದು ಹೋತಂದ್ರ ಗಿಡನ ಹೋತು, ಹಂಗಾಗಿ ಇಲ್ಲೆ ತಡ ಮಾಡೂಹಂಗಿಲ್ಲ. ಅರಳಿದ ಗರಿ ಕತ್ರಿಲೆ ಕತ್ತರಿಸಿದಂಗ ತ್ರಿಕೋಣ ಆಕಾರದಾಗ ಕಾಣ್ತಿದ್ರ ಕೊಂಬಿನ ದುಂಬಿ ಸುಳಿ ಕೊರದೈತಿ, ಗರಿ ಮಡಚಿದ್ದಾಗ ಕಡದದ್ದು ಬಿಚ್ಚಿದ ಮ್ಯಾಲ ಬೀಸಣಿಗಿಹಂಗ ಕಾಣ್ತೈತಿ. ಕೊಕ್ಕಿ ಹಾಕಿ ದುಂಬಿ ತಗೀರಿ, ಸುಳಿ ಹಂತ್ಯಾಕಿನ ಗರಿ ಸಂದ್ಯಾಗ ನಾಲ್ಕು ಡಾಂಬರ ಗುಳಿಗಿ ಇಟ್ಟು ಮ್ಯಾಲ ಉಸುಕು ಹಾಕ್ರಿ. ಅದು ಹುಟ್ಟೂದು ತಿಪ್ಪ್ಯಾಗ, ಅಂದ್ರ ಗಿಡದ ಬಾಜೂಕ ತಿಪ್ಪಿ ಇಟ್ಟು ದುಂಬಿಗೆ ಬೈದ್ರ ಉಪಯೋಗಿಲ್ಲ.

ಮಳಿಗಾಲದಾಗ ನಡುವಿನ ಸುಳಿ ಎಲಿ ಬಣ್ಣ ಕೆಟ್ಟು ಜೋತು ಬಿದ್ರ ಆಳು ಏರಿಸಿ ಹಿಡದು ಜಗ್ಗಿಸಿರಿ. ಸುಲಭಾಗಿ ಕಿತ್ತು ಕೈಗೆ ಬಂದು ಬುಡದಾಗ ಗಬ್ಬು ವಾಸನಿ ಹೊಡದ್ರ ಸುಳಿ ಕೊಳೆ. ಕೊಳತದ್ದೆಲ್ಲಾ ಹಸಿ ಭಾಗ ಸಿಗೂತನಕ ಕೆರದು ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು, ಮಾಡೂ ರೀತಿ ಕೆಳಗ ಬರದೀನಿ) ಹಚ್ಚಿ, ಹೊಸಾ ಸುಳಿ ಬರೂತನಕ ಮಳಿ ನೀರು ಇಳೀದಂಗ ಮುಚ್ಚಬೇಕು. ಕಾಂಡದಿಂದ ಕಂದು ರಸ ಸೋರಿ, ತೂತಿನ್ಯಾಗ ಅಗದ ನಾರು ಕಾಣ್ತಿದ್ದು, ಕಿವಿ ಹಚ್ಚಿದ್ರ ಒಳಗ ಕರ ಕರ ಸಪ್ಪಳ ಕೇಳಿದ್ರ ಕೆಂಪು ಮೂತಿ ಹುಳ. ಇದು ಸ್ವಂತ ಮಾಡೂ ಕೆಲಸ ಅಲ್ಲ, ಅವತ್ತ ತಿಳದವರನ್ನ ಕರಸ್ರಿ.

ಕಾಯಿ ತೊಟ್ಟಿನ ಕೆಳಗ ಕಂದು ತ್ರಿಕೋಣ ಕಲಿ ಬಿದ್ದು ಸಿಪ್ಪಿ ಸೀಳಿದ್ರ ಅದು ನುಸಿ, ನಮ್ಮ ದೇಶದಾಗ 1998ರಾಗ ಕೇರಳದಾಗ ಮೊದ್ಲ ಕಂಡದ್ದು, ಕಾಯಿ ಸಣ್ಣ ಆಗ್ತಾವ, ಗಿಡ ಸಾಯೂದಿಲ್ಲ. ಗರಿ ಹಿಂದ ಬೆಳ್ಳನ ಮೇಣದ ಸುರುಳಿ ಸುರುಳಿ ಇದ್ರ 2016ರಿಂದ ನಮ್ಮ ದೇಶದಾಗ ಹಬ್ಬಿದ ಬಿಳಿ ನೊಣ, ಅದನ್ನ ತಿನ್ನೂ ಸಣ್ಣ ಕಣಜ ತಾನ ಬರ್ತೈತಿ, ಜಹಾಲ್ ಎಣ್ಣಿ ಹೊಡದ್ರ ಮೊದ್ಲ ಸಾಯೂದು ಆ ಕಣಜನ.

ಉಳದದ್ದು ಚುಟುಕಾಗಿ

ಪ್ಯಾರಲ ಗಿಡ ಮಳಿಗಾಲದ ಹಿಂದಿಂದ ಒಂದೊಂದ ಟೊಂಗಿ ಹಳದಿ ಆಗಿ ಒಣಗಿ ಪೂರ್ತಿ ಹೋದ್ರ ಸೊರಗು ರೋಗ, ಬೇರು ಸಮೇತ ಕಿತ್ತು ಸುಟ್ಟು ಅದ ಗುಂಡ್ಯಾಗ ಮತ್ತ ಪ್ಯಾರಲ ಹಚ್ಚಬ್ಯಾಡ್ರಿ. ಹಣ್ಣಿನ್ಯಾಗ ಹುಳ ಇದ್ರ ಅದು ನೊಣದ್ದು, ಉದುರಿದ ಹಣ್ಣು ದಿನಾ ಆರಿಸಿ ಆಳಕ್ಕ ಹುಗೀರಿ. ಪಪ್ಪಾಯಿ ಎಲಿ ಮುದುಡಿ ಕಾಯಿ ಮ್ಯಾಲ ಉಂಗುರ ಬಿದ್ರ ವೈರಸ್, ಮದ್ದಿಲ್ಲ, ತಗೀರಿ. ಬೇವಿನ ಗಿಡ ಬೆಂಕಿ ತಾಗಿದಂಗ ತುದಿಯಿಂದ ಕಂದಾಗೂದು 2021ರಾಗ ದಕ್ಷಿಣದ ಕೆಲವು ರಾಜ್ಯದಾಗ ಕಂಡಿತ್ತು, ಫೋಮಾಪ್ಸಿಸ್ ಅನ್ನೂ ಶಿಲೀಂಧ್ರ, ಭಾಳ ಗಿಡ ಮುಂದ ತಾವ ಚಿಗತಾವ, ಅದಕ್ಕ ಗಡಬಡಿಸಿ ಕಡೀಬ್ಯಾಡ್ರಿ. ಯಾವ ದೊಡ್ಡ ಗಿಡದ ಬುಡಕ್ಕರ ಗಟ್ಟಿ ಅಣಬಿ ಬಟ್ಟಲದಂಗ ಎದ್ದಿದ್ರ ಮಾತ್ರ ಒಳಗ ಟೊಳ್ಳಾಗಿರಬಹುದು, ಏಪ್ರಿಲ್-ಮೇ ಗಾಳಿ ಮಳಿಗೆ ಮನಿ ಮ್ಯಾಲ ಬೀಳತೈತಿ, ಮೊದ್ಲ ತೋರಸ್ರಿ. ಕಡಿಯೂದಾದ್ರ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಐತಿ, ಕೆಲವು ಜಾತಿ ಬಿಟ್ರ ಪರವಾನಗಿ ಬೇಕು.

ಬೋರ್ಡೋ ಮನ್ಯಾಗ ಮಾಡೂದು

100 ಗ್ರಾಂ ಮೈಲುತುತ್ತ 5 ಲೀಟರ್ ನೀರಾಗ ಕರಗಿಸ್ರಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿನ್ಯಾಗ. ಎರಡೂ ಪ್ಲಾಸ್ಟಿಕ್ ಬಕೀಟು, ಕಬ್ಬಿಣದ್ದು ಬ್ಯಾಡ. ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ರಿ, ಉಲ್ಟಾ ಅಲ್ಲ. ಆಕಾಶ ನೀಲಿ ಬಣ್ಣ ಬರ್ತೈತಿ. ಆಮ್ಯಾಲ ಹಳೇ ಚಾಕು ಒಂದು ನಿಮಿಷ ಅದ್ದಿ ತಗೀರಿ, ಅಲಗಿನ ಮ್ಯಾಲ ತಾಂಬ್ರದ ಕೆಂಪು ಕುಂತ್ರ ಸುಣ್ಣ ಸಾಲದು, ಇನ್ನೊಂದಿಷ್ಟು ಹಾಕಿ ಮತ್ತ ಅದ್ರಿ. ಅವತ್ತಿಂದು ಅವತ್ತ ಹೊಡೀಬೇಕು. ಪೇಸ್ಟ್ ಬೇಕಂದ್ರ ಅಷ್ಟ ತುತ್ತ, ಅಷ್ಟ ಸುಣ್ಣ, ನೀರು ಮಾತ್ರ ಒಟ್ಟು 1 ಲೀಟರ್. ಲಿಂಬಿ ಬುಡದಾಗ ಅಂಟು ಸೋರಿ ತೊಗಟಿ ಕೊಳತಿದ್ರ ಕೆರದು ಇದನ್ನ ಹಚ್ರಿ, ನೀರು ಕಾಂಡಕ್ಕ ಮುಟ್ಟದಂಗ ಮಡಿ ಮಾಡ್ರಿ.

ಇಷ್ಟಾದ್ರೂ ತಿಳಿಲಿಲ್ಲಂದ್ರ ಅಂಗಡಿಗೆ ಹೋಗೂ ಬದಲಿ ಕೃಷಿ ವಿಜ್ಞಾನ ಕೇಂದ್ರಕ್ಕ ಹೋಗ್ರಿ, ಧಾರವಾಡದವರಿಗೆ ಸೈದಾಪುರ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಾಗ ಮಾತಾಡ್ತಾರ. ಹೋಗೂ ಮುಂದ ಪೂರ್ತಿ ಸತ್ತ ಎಲಿ ಒಯ್ಯಬ್ಯಾಡ್ರಿ, ಅರ್ಧ ಕೆಟ್ಟು ಅರ್ಧ ಚೊಲೋ ಇದ್ದ ಟೊಂಗಿ ಕೊಯ್ದು ಪೇಪರಿನ್ಯಾಗ ಸುತ್ತಕೊಂಡು ಅವತ್ತ ಒಯ್ರಿ, ಪ್ಲಾಸ್ಟಿಕ್ ಚೀಲದಾಗ ಹಾಕಿದ್ರ ದಾರ್ಯಾಗ ಬೆವತು ಬೂಷ್ಟು ಹಿಡೀತೈತಿ, ಅವ್ರು ಆ ಬೂಷ್ಟನ್ನ ರೋಗ ಅಂತ ತಿಳೀಬಾರದಲ್ಲ. ಫೋಟೋ ಆದ್ರ ನಾಲ್ಕು: ಇಡೀ ಗಿಡ, ಬುಡ, ಎಲಿಯ ಮ್ಯಾಲಿನ ಬದಿ, ಎಲಿಯ ಕೆಳಗಿನ ಬದಿ. ಬುಡದ ಫೋಟೋದಾಗ ಪೈಪು ಕಂಡ್ರ ಅದನ್ನ ಕಟ್ ಮಾಡಿ ಕಳಸಬ್ಯಾಡ್ರಿ, ನಾನು ಹಂಗ ಮಾಡಿದ್ದೆ.